ಹಿರ್ಯಾರ ಹೊಲ

ಫೆಬ್ರವರಿ 10, ಸೋಮವಾರ

ಬೆಳಗಿನ ಬಸ್ಸು ಇವತ್ತೂ ತಪ್ಪಿತು. ಚಿಮ್ಮಡದಿಂದ ಟಂಟಂ ಆಟೋ. ಕಬ್ಬಿನ ಟ್ರ್ಯಾಕ್ಟರ್ ಹಿಂದೆಯೇ ಬನಹಟ್ಟಿ ತನಕ. ಅದರ ಡಿಜೆ ಹಾಡು ಇನ್ನೂ ಕಿವಿಯಲ್ಲಿದೆ. ಹೋಗುವಷ್ಟರಲ್ಲಿ ರಾವಸಾಹೇಬ ಸಾವಕಾರರು ನೂಲಿನ ಅಂಗಡಿ ತೆಗೆದು ಕೂತಾಗಿತ್ತು. ಗಡಿಯಾರ ಮಾತ್ರ ನೋಡಿದರು. ಬೈದಿದ್ದರೆ ಚೆನ್ನಾಗಿತ್ತು.

ನೂಲಿನ ಲೋಡು ಬಂದಿತ್ತು. ಕೋನಿನ ಚೀಲ ಇಳಿಸಿಕೊಂಡು ಬಿಲ್ ಹೊಡೆಯುತ್ತಾ ಕೂತೆ. ಮಧ್ಯಾಹ್ನ ಕರೆಂಟು ಹೋಯಿತು. ಇಡೀ ಓಣಿಯ ಮಗ್ಗ ಒಮ್ಮೆಲೇ ನಿಂತಿತು. ಆದರೂ ಜನ ಕೂಗಿಯೇ ಮಾತಾಡುತ್ತಿದ್ದರು. ಬನಹಟ್ಟಿಯಲ್ಲಿ ಮೆಲ್ಲಗೆ ಮಾತಾಡುವುದು ಯಾರಿಗೂ ಬರುವುದಿಲ್ಲ.

ಅದೇ ಹೊತ್ತಿಗೆ ಭೀಮಶಿ ಕಾಕಾನ ಫೋನು. ಅವನನ್ನು ಕೇರಿಗೆ ಹಿರಿಯ ಅಂತ ಮಾಡಿದ್ದೇ ಮಾಡಿದ್ದು, ಸಣ್ಣದಕ್ಕೂ ದೊಡ್ಡದಕ್ಕೂ ನನಗೇ ಫೋನು. ಕಂಪ್ಯೂಟರ್ ಒತ್ತಲು ಬರುತ್ತದಲ್ಲ, ಹಾಗಾಗಿ ಕೇರಿಯ ವಕೀಲಳೂ ನಾನೇ.

"ನಂದಾ, ಹಿರ್ಯಾರ ಹೊಲದಾಗ ಗೂಟ ಹೊಡದ ಹೋಗ್ಯಾರ. ಕೆಂಪ ಬಣ್ಣದ್ದು."

"ಯಾರು?"

"ಗೊತ್ತಿಲ್ಲವ್ವಾ. ಜೀಪಿನ್ಯಾಗ ಬಂದಿದ್ರಂತ. ಒಂದ ಗೂಟ ನಮ್ಮ ಅಣ್ಣನ ಎದಿ ಮ್ಯಾಲ ಐತಿ."

ಆಮೇಲೆ ಒಂದು ಬಿಲ್ಲೂ ಸರಿಯಾಗಿ ಹೊಡೆಯಲಾಗಲಿಲ್ಲ.

ಹಿರ್ಯಾರ ಹೊಲ ಅಂದರೆ ಹಳ್ಳದ ದಂಡೆಗೆ ನಮ್ಮ ಕೇರಿಯವರನ್ನು ಮಣ್ಣು ಮಾಡುವ ಜಾಗ. ಊರವರ ರುದ್ರಭೂಮಿ ಬೇರೆ. ಅದಕ್ಕೆ ಕಂಪೌಂಡು, ಶೆಡ್ಡು, ನಳ ಎಲ್ಲಾ ಇದೆ. ನಮ್ಮಲ್ಲಿ ಯಾರ ಹೆಸರಿಗೂ ಒಂದು ಗುಂಟೆ ಹೊಲವಿಲ್ಲ. ಇರುವ ಒಂದೇ ಹೊಲ ಸತ್ತವರದು. ಅದಕ್ಕೂ ಗೂಟ.

ಫೆಬ್ರವರಿ 11, ಮಂಗಳವಾರ

ಅರ್ಧ ದಿನ ರಜೆ. ಪಂಚಾಯಿತಿಗೆ ಹೋದೆ. ಕರೆಂಟಿನ ಸ್ಟೇಷನ್ ಬರುತ್ತದಂತೆ ಅಲ್ಲಿ. ಅಲ್ಲಿದ್ದ ಹುಡುಗ ಅಧಿಕಾರಿ ಮರ್ಯಾದೆಯವನು, ಕುರ್ಚಿ ಕೊಟ್ಟ. ಜಮೀನಿನ ಉತಾರ ತೆಗೆದು ತೋರಿಸಿದ.

"ಇಲ್ನೋಡ್ರಿ, ಸರಕಾರಿ ಪಡ ಅಂತ ಐತಿ. ಖಾಲಿ ಜಾಗಾ. ಸ್ಮಶಾನ ಅಂತ ಎಲ್ಲಿ ಐತ್ರಿ?"

"ನಮ್ಮ ಮುತ್ಯಾನ ಮುತ್ಯಾ ಅಲ್ಲೇ ಅದಾನ್ರಿ."

"ಇರಬಹುದ್ರಿ. ಹುಗದಿದ್ದು ಕಣ್ಣಿಗೆ ಕಾಣಬೇಕು. ಸರ್ವೇದವ್ರು ಬಂದ ನೋಡಿ, ಹೌದು ಅಂತ ಬರಕೊಟ್ರ ಜಾಗಾ ಉಳೀತೈತಿ. ಇಲ್ಲಾಂದ್ರ ಇಲ್ಲ."

ಕರೆಂಟು ಬೇಡ ಅಂತ ಯಾರು ಹೇಳಿದರು? ನಮ್ಮ ಮನೆಯಲ್ಲೂ ಮಿಕ್ಸರ್ ಇದೆ. ಆದರೆ ಊರ ಸುತ್ತ ಇಷ್ಟು ಬಯಲು ಬಿದ್ದಿರುವಾಗ ನಮ್ಮವರ ಎದೆಯ ಮೇಲೆಯೇ ಕಂಬ ಏಕೆ ನಿಲ್ಲಿಸಬೇಕು?

ರಬಕವಿಗೆ ಹೋಗಿ ತಾಲ್ಲೂಕು ಕಚೇರಿಯಲ್ಲಿ ಅರ್ಜಿ ಕೊಟ್ಟು ಬಂದೆ. ಝೆರಾಕ್ಸ್ ಅಂಗಡಿಯಲ್ಲಿ ಸಾಲು. ಮೂರು ಬಸ್ಸು. ತಲೆನೋವು.

ಫೆಬ್ರವರಿ 12, ಬುಧವಾರ, ಸಂಜೆ

ಹಿರ್ಯಾರ ಹೊಲಕ್ಕೆ ಹೋಗಿದ್ದೆ. ಫೋಟೊ ತೆಗೆಯೋಣ ಅಂತ. ಮೊಬೈಲಿನಲ್ಲಿ ಚಾರ್ಜೇ ಇರಲಿಲ್ಲ, ನನ್ನ ಬುದ್ಧಿಗಿಷ್ಟು.

ಚಪ್ಪಲಿ ಬಿಟ್ಟು ಒಳಗೆ ನಡೆದೆ. ಅಲ್ಲಲ್ಲಿ ಕಲ್ಲಿನ ಗುಂಪೆ. ಮುಳ್ಳು ಹೊದಿಸಿದ್ದು. ಒಡೆದ ಮಡಕೆ, ಹೊರಸಿನ ಕಾಲು, ಬಳೆ ಚೂರು, ಒಂದು ಕಡೆ ಮುರಿದ ಕನ್ನಡಕ. ಯಾರ ಹೆಸರೂ ಇಲ್ಲ. ಆದರೂ ಕಾಲಿಡಲು ಅಳುಕಾಯಿತು. ಯಾರದೋ ಮನೆಯೊಳಗೆ ಹೇಳದೆ ಕೇಳದೆ ನುಗ್ಗಿದ ಹಾಗೆ.

ಅವ್ವ ಇಲ್ಲೇ ಎಲ್ಲೋ ಇದ್ದಾಳೆ. ನಾನು ಹುಟ್ಟಿದ ದಿನವೇ ಹೋದವಳು. ಎಲ್ಲಿ ಅಂತ ಚಿಗವ್ವನನ್ನು ಕೇಳಿಲ್ಲ. ಅವಳೂ ಹೇಳಿಲ್ಲ. ಮಕ್ಕಳಿಲ್ಲದ ಚಿಗವ್ವ ಅಕ್ಕನ ಮಗಳನ್ನು ಎತ್ತಿಕೊಂಡು ಸಾಕಿದಳು. ಸಾಕಿದವಳ ಮುಂದೆ ಹೆತ್ತವಳ ಮಾತು ಹೇಗೆ ತೆಗೆಯುವುದು...

ಕಂಬ ನಿಂತುಬಿಟ್ಟರೆ ಕೇಳಿಯೂ ಉಪಯೋಗವಿಲ್ಲ.

ಫೆಬ್ರವರಿ 17, ಸೋಮವಾರ

ಸರ್ವೇಯರ್ ಫೋನ್ ಮಾಡಿದ್ದರು. ಹೆಸರು ನೇಮಿರಾಜ, ತೇರದಾಳದವರಂತೆ. "ಗುರುವಾರ ಮುಂಜಾನಿ ಬರತೇನ್ರಿ. ನಾಕ ಮಂದಿ ಹಿರ್ಯಾರು ಇರ್ರಿ, ತೋರಸಾಕ."

ಭೀಮಶಿ ಕಾಕಾನಿಗೆ ತಿಳಿಸಿದೆ. "ಸಾಹೇಬ್ರು ನೋಡಾಕ ಬರಾಕತ್ತಾರ. ಚಂದಂಗ ತೋರಸ್ರಿ." ಹೀಗೆಯೇ ಹೇಳಿದೆ. ಚಂದಂಗ.

ಫೆಬ್ರವರಿ 20, ಗುರುವಾರ

ಬರೆಯಲು ಮನಸ್ಸಿಲ್ಲ. ಬರೆಯದಿದ್ದರೆ ನಿದ್ದೆ ಬರುವುದಿಲ್ಲ.

ಬೆಳಗ್ಗೆ ನೇಮಿರಾಜ ಅವರಿಗಾಗಿ ಬಸ್‌ಸ್ಟ್ಯಾಂಡಿನಲ್ಲಿ ಕಾದು, ಅವರ ಗಾಡಿಯ ಹಿಂದೆ ಕೂತು ಹೋದೆ. ದೂರದಿಂದಲೇ ಶಾಮಿಯಾನ ಕಂಡಿತು.

ಹಿರ್ಯಾರ ಹೊಲವನ್ನು ಗುಡಿಸಿದ್ದರು. ಇಡೀ ಹೊಲ. ಈ ತುದಿಯಿಂದ ಆ ತುದಿ. ಮುಳ್ಳು ಕಡಿದು ಸುಟ್ಟಿದ್ದರು. ಮಡಕೆ, ಹೊರಸು, ಬಳೆ ಚೂರು ಒಂದೂ ಇಲ್ಲ, ಎಲ್ಲಾ ಬಳಿದು ಹಳ್ಳಕ್ಕೆ. ಗುಂಪೆ ಸಪಾಟು ಮಾಡಿ ಸೆಗಣಿ ನೀರು ಚಿಮುಕಿಸಿದ್ದರು. ಬಾಗಿಲೇ ಇಲ್ಲದ ಬಯಲಿಗೆ ರಂಗೋಲಿ. ಗೋರಿಯ ಮೇಲಿನ ಕಲ್ಲಿಗೆಲ್ಲಾ ಸುಣ್ಣ ಬಳಿದು, ಸಾಹೇಬರು ನಡೆದು ಬರುವ ದಾರಿಗೆ ಎರಡೂ ಬದಿಗೆ ಸಾಲಾಗಿ ಜೋಡಿಸಿದ್ದರು.

ಹೆಣ್ಣುಮಕ್ಕಳು ಎರಡು ದಿನ ಕೂಲಿ ಬಿಟ್ಟು ದುಡಿದಿದ್ದರು. ಅಂಗಡಿ ಮುಗಿಸಿ ಕತ್ತಲಾದ ಮೇಲೆ ಮನೆ ಸೇರುವ ನನಗೆ ಸುಳಿವೇ ಇರಲಿಲ್ಲ. ಕಾಕಾ ಹೊಸ ಟೋಪಿ ಹಾಕಿಕೊಂಡು ಹಾರ ಹಿಡಿದು ನಿಂತಿದ್ದ. ನನ್ನ ಕಿವಿಯಲ್ಲಿ ಕೇಳಿದ, "ಹೆಂಗಾಗೈತಿ?"

ಅವನ ಕೈಯ ಹಾರ ಸರಿಮಾಡಿ ಕೊಟ್ಟೆ.

ನೇಮಿರಾಜ ಅವರು ಸುತ್ತಲೂ ನೋಡಿದರು. ಕಾಗದ ನೋಡಿದರು. ಮತ್ತೆ ಸುತ್ತಲೂ ನೋಡಿದರು.

"ಗೋರಿ ಎಲ್ಲೆ ಅದಾವ್ರಿ ಹಿರ್ಯಾರ?"

"ಎಲ್ಲಾರೂ ಇಲ್ಲೇ ಅದಾರ್ರಿ ಸಾಹೇಬ್ರ. ಕೆಳಗ."

"ಕಾಣೂದಿಲ್ಲಲ್ರಿ."

"ಸ್ವಚ್ಛ ಮಾಡೇವ್ರಿ ನಾವು," ಅಂದ ಕಾಕಾ. ಹೆಮ್ಮೆಯಿಂದ.

ಒಳ್ಳೆಯ ಮನುಷ್ಯ ಅವರು, ನಗಲಿಲ್ಲ. ಚಹಾ ಕುಡಿದರು. ಹಾರ ಬೇಡ ಅಂದರು. ಹೋಗುವಾಗ ನನ್ನನ್ನು ಪಕ್ಕಕ್ಕೆ ಕರೆದು, "ಬಾಯಾರ, ನಾ ಕಂಡಿದ್ದ ಬರೀಬೇಕಾಕ್ಕೈತಿ. ಇದು ಬಯಲ ಐತಿ. ಇನ್ನೊಂದ ಸಲ ಬರತೇನಿ, ಅಷ್ಟ ನನ್ನ ಕೈಯಾಗ ಐತಿ. ಅವತ್ತ ಏನರೆ ಕಾಣಬೇಕ್ರಿ" ಅಂದರು. ಮಾರ್ಚ್ ಹನ್ನೊಂದು ಅಂತ ತಾರೀಖು ಕೊಟ್ಟರು.

ಫೆಬ್ರವರಿ 21, ಶುಕ್ರವಾರ

ಸಿಟ್ಟು ಇಳಿದಿಲ್ಲ. ಯಾರ ಮೇಲೆ ಸಿಟ್ಟು ಅಂತಲೂ ಗೊತ್ತಾಗುತ್ತಿಲ್ಲ.

ಕೇರಿಗೆ ಯಾರೇ ಅಧಿಕಾರಿ ಬರಲಿ, ಹಿಂದಿನ ದಿನವೇ ಕಸಬರಿಗೆ ಹಿಡಿಯುತ್ತಾರೆ. ನಾನು ಸಣ್ಣವಳಿದ್ದಾಗಿನಿಂದ ನೋಡಿದ್ದೇನೆ. ಹೊಲಸು ಮಂದಿ ಅಂತ ಅನ್ನಿಸಿಕೊಂಡು ಅನ್ನಿಸಿಕೊಂಡು, ಮನೆಗೆ ನೆಂಟರು ಬಂದರೂ ಮೊದಲು ಅಂಗಳ ನೋಡುವ ಜನ. ಸತ್ತವರನ್ನೂ ಯಾರೂ ಹೊಲಸು ಅನ್ನಬಾರದು ಅಂತ ಗುಡಿಸಿದ್ದಾರೆ. ಇದಕ್ಕೆ ಬೈಯಲು ನನ್ನ ಬಾಯಿ ಏಳುವುದಿಲ್ಲ.

ಕಾಕಾ ನಿನ್ನೆ ಮಧ್ಯಾಹ್ನದಿಂದ ಹೊರಗೆ ಬಂದಿಲ್ಲವಂತೆ.

ಫೆಬ್ರವರಿ 27, ಗುರುವಾರ. ಅಮಾವಾಸ್ಯೆ

ಇವತ್ತು ಒಂದು ಸಂಗತಿ ಕಂಡೆ. ಸರಿಯಾಗಿ ಬರೆದಿಡಬೇಕು.

ಕಾಕಾನ ಮಗ ದುರಗೇಶನ ಕೂಸಿಗೆ ಬೆನ್ನು ನಿಂತಿದೆ, ಕುಳಿತುಕೊಳ್ಳುತ್ತದೆ. ನಮ್ಮಲ್ಲಿ ಕೂಸು ಕೂರಲು ಕಲಿತ ಮೇಲೆ ಬರುವ ಅಮಾವಾಸ್ಯೆಗೆ ಹಿರ್ಯಾರ ಹೊಲಕ್ಕೆ ಒಯ್ದು, ಆ ಮನೆಯ ತೀರಿಕೊಂಡ ಹಿರಿಯರ ಜಾಗದಲ್ಲಿ ಕೂರಿಸುತ್ತಾರೆ. ಹಿರಿಯರ ತೊಡೆಯ ಮೇಲೆ ಕೂರಿಸುವುದು ಅನ್ನುತ್ತಾರೆ. ನನಗೆ ಕೇಳಿ ಗೊತ್ತಿತ್ತು. ನೋಡಿರಲಿಲ್ಲ. ಸಣ್ಣವಳಿದ್ದಾಗಲೇ ಜಮಖಂಡಿಯ ಹಾಸ್ಟೆಲ್ಲು, ಆಮೇಲೆ ಅಂಗಡಿ. ಇಂಥದಕ್ಕೆ ಯಾವತ್ತೂ ಪುರುಸೊತ್ತು ಆಗಲಿಲ್ಲ.

ದುರಗೇಶನ ಹೆಂಡತಿ ಪೂನಮ್ ಹೊಲದ ಅಂಚಿಗೆ ನಿಂತು ಅಳುಮೋರೆ ಮಾಡಿದಳು. "ಕಲ್ಲ ಎಲ್ಲಾ ತಗದೀರಿ. ನಮ್ಮ ಮಾಂವನ ಅವ್ವನ ಜಾಗಾ ಹೆಂಗ ಹುಡಕೂದು?"

ಸತ್ಯವ್ವ ಆಯಿ ಕೂಸನ್ನು ಕಂಕುಳಿಗೆ ತೆಗೆದುಕೊಂಡಳು. ಕೇರಿಯಲ್ಲಿ ಎಲ್ಲರಿಗಿಂತ ಹಿರಿಯಳು, ಕಣ್ಣು ಅರ್ಧ ಹೋಗಿದೆ. "ಕಲ್ಲ ನೋಡಿ ಹುಡಕತಿದ್ವೇನ ಲೇ ನಾವು? ಕಲ್ಲ ನಾಯಿ ಕೆದರಬಾರದಂತ ಇಡೂದು."

ನೇರ ನಡೆದಳು. ನಡುಮಧ್ಯೆ ಒಂದು ಕಡೆ ಸ್ವಲ್ಪ ಸುತ್ತು ಹಾಕಿದಳು, ಅಲ್ಲಿ ಯಾರೋ ಇದ್ದಾರೆ ಅಂತ. ಇನ್ನೊಂದು ಕಡೆ ಸೆರಗು ಸರಿಮಾಡಿಕೊಂಡಳು, ಅಲ್ಲಿ ಅವಳ ಮಾವ ಇದ್ದಾನಂತೆ. ಆಮೇಲೆ ನಿಂತಳು. ಕೂಸನ್ನು ಇಳಿಸಿ ಕೂರಿಸಿದಳು.

"ತಗೋವ್ವಾ, ನಿನ್ನ ಮರಿಮೊಮ್ಮಗಳು."

ಕೂಸು ಎರಡೂ ಅಂಗೈಯಿಂದ ನೆಲ ಬಡಿದು ನಕ್ಕಿತು. ಕಾಕಾ ಹೊರಗೆ ಬಂದ ಮೇಲೆ ಮೊದಲ ಸಲ ಕಣ್ಣೆತ್ತಿ ನೋಡಿದ.

ಈ ಕೇರಿಯಲ್ಲಿ ಹುಟ್ಟಿದ ಒಬ್ಬೊಬ್ಬರೂ, ಕಾಕಾ, ಆ ಸೋಮಾರಿ ದುರಗೇಶ, ಎಲ್ಲರೂ ಮೊದಲ ಸಲ ನೆಲದ ಮೇಲೆ ಕುಳಿತದ್ದು ಅಲ್ಲೇ. ನನ್ನನ್ನೂ ಕೂರಿಸಿರಬೇಕು. ಎಲ್ಲಿ, ಯಾರ ತೊಡೆಯ ಮೇಲೆ — ಕೇಳುವ ಮಾತು ಬಾಯಿ ತನಕ ಬಂತು. ಚಿಗವ್ವ ಪಕ್ಕದಲ್ಲೇ ಇದ್ದಳು. ನುಂಗಿಕೊಂಡೆ.

ಮಾರ್ಚ್ 2, ಭಾನುವಾರ

ಸಂಜೆ ಕಾಕಾನ ಕಟ್ಟೆಗೆ ಎಲ್ಲರೂ ಸೇರಿದ್ದರು.

ದುರಗೇಶನದು ಸುಲಭದ ದಾರಿ. "ಅವ ಕಲ್ಲ ಮತ್ತ ಹರವಿ ಬಿಡೂನು. ಮಡಕಿ ನಾಕ ಒಡದ ಒಗಿಯೂನು. ಆತು."

ಕಾಕಾ ತಲೆ ಅಲ್ಲಾಡಿಸಿದ. "ಅಂವ ಬಯಲ ಕಂಡ ಹೋಗ್ಯಾನ. ಈಗ ಕಲ್ಲ ಇಟ್ರ ಖರೆ ಗೋರಿನೂ ಸುಳ್ಳ ಆಕ್ಕಾವ. ಸುಣ್ಣ ಬ್ಯಾರೆ ಬಡದೀವಿ."

ಯಾವಾಗಲೂ ಹಿಂದೆ ಕೂರುವ ನನ್ನ ಚಿಗವ್ವ ಲಗಮವ್ವ, ಕಟ್ಟೆಯ ಮೇಲೆ ಎಂದೂ ಬಾಯಿ ತೆರೆಯದವಳು, ಸೆರಗು ಬಾಯಿಗೆ ಇಟ್ಟುಕೊಂಡೇ ಹೇಳಿದಳು.

"ಕಲ್ಲ ಇಲ್ಲಾಂದ್ರ ಏನಾತು? ನಮ್ಮನ್ನೆಲ್ಲಾ ಅಲ್ಲೆ ಕುಂಡ್ರಿಸ್ಯಾರಿಲ್ಲೋ. ಅವತ್ತ ಮತ್ತ ನಾವ ಹೋಗಿ ಕುಂಡ್ರೂನು. ತಮ್ಮ ತಮ್ಮ ಮಂದಿ ಕಡೆ. ಅಂವಗ ಕಾಣತೈತಿ."

ನಾನು ಚಿಗವ್ವನನ್ನು ನೋಡುತ್ತಲೇ ಇದ್ದೆ. ಇಷ್ಟು ವರ್ಷ ಒಂದೇ ತಟ್ಟೆಯಲ್ಲಿ ಉಂಡಿದ್ದೇವೆ.

ಮಾರ್ಚ್ 5, ಬುಧವಾರ

ಫೋನೋ ಫೋನು. ಕಬ್ಬಿನ ಗ್ಯಾಂಗಿಗೆ ಹೋದವರಿಗೆ, ಮಗ್ಗದವರಿಗೆ, ಕೊಟ್ಟ ಹೆಣ್ಣುಮಕ್ಕಳಿಗೆ. ಮುಧೋಳದವರು ಬರುತ್ತಾರೆ. ಬೇಟೆನಾಯಿ ಸಾಕುವ ತಿಮ್ಮಾಪುರದ ಅಳಿಯ "ನಾಯಿಗಳಿಗೆ ಯಾರ ಅನ್ನಾ ಹಾಕಬೇಕ್ರಿ" ಅಂತ ಶುರು ಮಾಡಿದ. ಅವನ ಹೆಂಡತಿ ಫೋನು ಕಸಿದುಕೊಂಡು, ಬರುತ್ತೇವೆ ಅಂದಳು.

ಬೀಳಗಿ ಕಡೆ ಕೊಟ್ಟ ಗುರುಬಸವ್ವ ಅತ್ತಿಗೂ ಮಾಡಿದೆ. ಮೊಣಕಾಲು ಬೇನೆ, ಬರುವುದು ಬೇಡ ಅನ್ನೋಣ ಅಂತಲೇ ಮಾಡಿದ್ದು.

"ಬರತೇನಿ ನಂದಾ. ನನ್ನ ಗಂಡನ ಮನಿ ಹಿರ್ಯಾರೆಲ್ಲಾ ಡ್ಯಾಮಿನ ಹಿನ್ನೀರಾಗ ಅದಾರ. ಊರ ಮುಳಗಿತು, ಅವರೂ ಮುಳಗಿದ್ರು. ದಂಡಿಗೆ ನಿಂತ ನೀರಿಗೆ ಎಡಿ ತೋರಸ್ತೀವಿ. ತವರಮನಿಯವರ ಕಡೆ ಆದ್ರೂ ಒಂದ ಸಲ ಕುಂಡ್ರತೇನಿ."

ಫೋನ್ ಇಟ್ಟು, ಹೊಡೆದ ಬಿಲ್ಲನ್ನೇ ಮತ್ತೆ ಹೊಡೆದೆ. ಸಾವಕಾರರು ಏನಾಯಿತು ಅಂತ ಕೇಳಿದರು. ಹೇಳಿದೆ. "ಹನ್ನೊಂದನೇ ತಾರೀಖು ರಜಾ ತಗೋ" ಅಂದರು. ಗಡಿಯಾರ ನೋಡಲಿಲ್ಲ.

ಮಾರ್ಚ್ 11, ಮಂಗಳವಾರ

ಎಲ್ಲಿಂದ ಶುರು ಮಾಡಲಿ...

ಬಿಸಿಲು ಏರುವ ಮೊದಲೇ ಎಲ್ಲರೂ ಹೊಲದ ಅಂಚಿಗೆ ನಿಂತಿದ್ದರು. ಇಷ್ಟೊಂದು ಜನ ಇದ್ದೇವೆಯೇ ನಾವು? ಮದುವೆಗೂ ಹೀಗೆ ಸೇರಿದ್ದು ನೆನಪಿಲ್ಲ. ಚಪ್ಪಲಿ ರಾಶಿ. ಯಾರೂ ಜೋರಾಗಿ ಮಾತಾಡುತ್ತಿರಲಿಲ್ಲ. ನೇಮಿರಾಜ ಅವರು ತಮ್ಮ ಉದ್ದ ಕೋಲಿನ ಯಂತ್ರ ಇಳಿಸಿಕೊಂಡು ಬಂದರು. ನೆಲ ಅಳೆಯುವ ಯಂತ್ರ, ಮೇಲೆ ಒಂದು ಬಿಳಿ ಟೋಪಿ ಇದ್ದ ಹಾಗೆ. ನನ್ನ ಕೈಗೆ ರಟ್ಟು, ಪೆನ್ನು. ಅವರು ಗುರುತು ಹಾಕುತ್ತಾರೆ, ನಾನು ಹೆಸರು ಬರೆಯಬೇಕು.

"ಹೂಂ, ತೋರಸ್ರಿ," ಅಂದರು.

ಸತ್ಯವ್ವ ಆಯಿ ಮೊದಲು ಹೋದಳು. ಗಂಡನ ಜಾಗದಲ್ಲಿ ಕುಳಿತಳು. ಕಾಕಾ ಆ ಕೆಂಪು ಗೂಟದ ಪಕ್ಕ ಅಣ್ಣನ ಜಾಗಕ್ಕೆ ಹೋಗಿ ಕುಳಿತ. ಆಮೇಲೆ ಒಬ್ಬೊಬ್ಬರೇ. ಯಾರೂ ಯಾರನ್ನೂ ಕರೆಯಲಿಲ್ಲ. ಒಬ್ಬರಿಗೊಬ್ಬರು ದಾರಿ ಬಿಟ್ಟು, ಅಲ್ಲಲ್ಲಿ ಸುತ್ತು ಹಾಕಿ, ಒಬ್ಬರ ಮೇಲೂ ಕಾಲಿಡದೆ. ಕುಡುಕ ಅಂತ ನಾವು ನಗುವ ಮಾರುತಿಯೂ ತಪ್ಪಲಿಲ್ಲ. ತಾಯಿಯ ಜಾಗದಲ್ಲಿ ಕುಳಿತು ಟವೆಲ್ಲಿನಿಂದ ಮುಖ ಮುಚ್ಚಿಕೊಂಡ. ಗುರುಬಸವ್ವ ಅತ್ತಿ ಇಬ್ಬರ ಹೆಗಲು ಹಿಡಿದು ಬಂದು, ಮಡಚಲು ಬಾರದ ಕಾಲು ನೀಡಿಕೊಂಡು ಅಪ್ಪನ ಪಕ್ಕ ಕುಳಿತಳು. ಪೂನಮ್ ಕೂಸನ್ನು ಮುತ್ತಜ್ಜಿಯ ಜಾಗದಲ್ಲಿ ಕೂರಿಸಿ ತಾನು ಹಿಂದೆ ಕುಳಿತಳು.

ನೋಡನೋಡುತ್ತ ಬಯಲು ತುಂಬಿತು. ಮೊನ್ನೆ ನಾವೇ ಗುಡಿಸಿ ಖಾಲಿ ಮಾಡಿದ್ದ ಬಯಲು. ಅಲ್ಲಲ್ಲ, ಅದು ಖಾಲಿ ಆಗಿರಲೇ ಇಲ್ಲ. ಈ ಜನರ ಕೆಳಗೆ ಇನ್ನೊಂದು ಕೇರಿ ಇದೆ. ಇದೇ ನೆರೆಹೊರೆ. ಇದೇ ಅಣ್ಣತಮ್ಮಂದಿರು ಪಕ್ಕಪಕ್ಕದಲ್ಲಿ. ಮೇಲೆ ಮಾತು ಬಿಟ್ಟ ಎರಡು ಮನೆಯವರು ಅಲ್ಲಿ ಮೊಣಕೈ ತಾಗುವಷ್ಟು ಹತ್ತಿರ ಕುಳಿತಿದ್ದರು. ಅವರ ಮುತ್ಯಾಗಳು ಹಾಗೆ ಮಲಗಿದ್ದಾರೆ, ಏನು ಮಾಡುತ್ತಾರೆ.

ನಡುನಡುವೆ ಖಾಲಿ ಜಾಗ ಉಳಿದಿತ್ತು. ಸತ್ಯವ್ವ ಆಯಿ ಕುಳಿತಲ್ಲಿಂದಲೇ ಕರೆದಳು. "ಅಲ್ಲೆ ಗೋಪವ್ವ ಅದಾಳ. ಆಕಿ ಮಂದಿ ಊರ ಬಿಟ್ಟ ಹೋಗ್ಯಾರ. ಯಾರರೆ ಒಬ್ರು ಕುಂಡ್ರಿ. ಹಾಂ, ನೀನ ಕುಂಡ್ರು. ಆಕಿ ನಿಮ್ಮ ಅಮ್ಮಗ ಬಾಣಂತನಾ ಮಾಡ್ಯಾಳ." ತಿಮ್ಮಾಪುರದ ಅಳಿಯ, ಆ ಹೊಲದಲ್ಲಿ ತನ್ನವರು ಯಾರೂ ಇಲ್ಲದವನು, ಒಬ್ಬ ದಿಕ್ಕಿಲ್ಲದ ಮುದುಕನ ಜಾಗಕ್ಕೆ ತಾನಾಗಿ ಹೋಗಿ ಕುಳಿತ.

ಆಮೇಲೆ ಇನ್ನೊಂದು ನಡೆಯಿತು. ರಸ್ತೆ ಕಡೆ, ಜಾಲಿ ಗಿಡಗಳ ನೆರಳಿನಲ್ಲಿ, ಉದ್ದಕ್ಕೆ ಗೂಟ ಹೊಡೆದಿದ್ದಾರಲ್ಲ, ಆ ಅಂಚು. ಅಲ್ಲಿ ಯಾರೂ ಇಲ್ಲ ಅಂತಲೇ ನನ್ನ ಲೆಕ್ಕ. ಕೆಲವು ಹೆಂಗಸರು ಎದ್ದು ಆ ಕಡೆ ನಡೆದರು. ಮುದುಕಿಯರು, ನಡುವಯಸ್ಸಿನವರು, ಮೊನ್ನೆ ಮೊನ್ನೆ ಮದುವೆಯಾದ ಒಬ್ಬಳು. ಗಂಡಸರು ತಲೆ ತಗ್ಗಿಸಿದರು. ಅದು ಕೂಸುಗಳ ಕಡೆ. ಹುಟ್ಟಿ ಉಳಿಯದ ಕೂಸುಗಳದ್ದು. ಹೆಂಗಸರು ಅಂಗೈ ಅಗಲದ ಜಾಗ ಸವರಿ, ಅದರ ಪಕ್ಕ ಕುಳಿತರು. ಒಬ್ಬಳೂ ಅಳಲಿಲ್ಲ.

ಅವರಲ್ಲಿ ನನ್ನ ಚಿಗವ್ವ ಇದ್ದಳು.

ನಾನು ರಟ್ಟು ಹಿಡಿದು ನಿಂತೇ ಇದ್ದೆ.

"ನಂದಾ, ನೀ ಯಾಕ ನಿಂತಿ ಬೇ?" ಸತ್ಯವ್ವ ಆಯಿ.

"ನನಗ ಗೊತ್ತಿಲ್ಲಾಯಿ. ಎಲ್ಲಿ ಅಂತ."

ಅಷ್ಟು ಜನರ ಮುಂದೆ ಹೇಳಿದೆ.

"ಭೀಮಶ್ಯಾನ ಬಲಕ್ಕ ಬಾ. ಇನ್ನಷ್ಟು. ಹಾಂ, ಅಲ್ಲೆ. ನಿನ್ನ ನಾನ ಕುಂಡ್ರಿಸಿದ್ದು. ಎಲ್ಲಾ ಕೂಸಿಗೂ ಅಜ್ಜಿ ತೊಡಿ, ಮುತ್ಯಾನ ತೊಡಿ. ನಿನಗ ನಿಮ್ಮ ಅವ್ವಂದ ತೊಡಿ. ಏಳವಲ್ಲಿ ಅವತ್ತು. ಎತಗೊಂಡ್ರ ಚೀರತಿದ್ದಿ."

ಕುಳಿತೆ. ನೆಲ ಬೆಚ್ಚಗಿತ್ತು. ಏನೂ ಯೋಚನೆ ಬರಲಿಲ್ಲ. ಅಂಗೈ ಊರಿದೆ, ಅಷ್ಟೇ. ಅವ್ವಾ ಅಂತ ಯಾರನ್ನೂ ಕರೆದಿಲ್ಲ ನಾನು, ಚಿಗವ್ವನನ್ನೂ. ಮನಸ್ಸಿನಲ್ಲಿ ಒಮ್ಮೆ ಅಂದುಕೊಂಡೆ.

ಎಷ್ಟು ಹೊತ್ತಾಯಿತೋ. ನೇಮಿರಾಜ ಅವರು ಇನ್ನೂ ಅಂಚಿನಲ್ಲೇ ನಿಂತಿದ್ದರು, ಕೋಲು ಹಿಡಿದು. ಬೂಟು ಬಿಚ್ಚಿದರು. ಸಾಕ್ಸೂ ತೆಗೆದರು. ಒಂದು ಕಾಲು ಮುಂದಿಟ್ಟು ನಿಂತರು.

"ಆಯಿ, ಇಲ್ಲೆ ನಿಂದರಲ್ರಿ?"

"ಅಲ್ಲೆ ನಮ್ಮ ಮೈದುನ ಅದಾನಪ್ಪಾ. ಸ್ವಲ್ಪ ಎಡಕ್ಕ ಸರಿ."

ಸರಿದರು. ಹಾಗೆಯೇ ಕೇಳುತ್ತಾ ಕೇಳುತ್ತಾ, ಒಬ್ಬೊಬ್ಬರ ಬಳಿ ಹೋಗಿ ಕೋಲು ಊರಿ ಗುರುತು ಹಾಕಿದರು. ನಾನು ಎದ್ದು ಅವರ ಹಿಂದೆ ಹೆಸರು ಬರೆದೆ. ಸೂರ್ಯ ನೆತ್ತಿ ದಾಟಿದರೂ ಯಾರೂ ಎದ್ದು ಹೋಗಲಿಲ್ಲ. ನನ್ನ ಜಾಗಕ್ಕೆ ಬಂದಾಗ ಕೇಳಿದರು, "ಇದು ಯಾರ್ದರಿ?"

"ನಮ್ಮ ಅವ್ವಂದ್ರಿ. ಕಾಶವ್ವ."

ಬರೆದುಕೊಂಡೆ. ನನ್ನ ಕೈಬರಹ ಅಲ್ಲಿ ಮಾತ್ರ ಕೆಟ್ಟಿದೆ.

ಕೂಸುಗಳ ಕಡೆ ಬಂದಾಗ ಅವರು ಏನೂ ಕೇಳಲಿಲ್ಲ. ಸುಮ್ಮನೆ ಗುರುತು ಹಾಕಿದರು. ನಾನು ಕೂಸು, ಕೂಸು, ಕೂಸು ಅಂತ ಬರೆಯುತ್ತಾ ಹೋದೆ. ಚಿಗವ್ವ ತಲೆ ಎತ್ತಲಿಲ್ಲ. ನಾನೂ ನಿಲ್ಲಲಿಲ್ಲ.

ಮಾರ್ಚ್ 13, ಗುರುವಾರ

ನೇಮಿರಾಜ ಅವರ ಫೋನು. ಸ್ಕೆಚ್ ಆಗಿದೆಯಂತೆ. "ಹನ್ನೆರಡ ವರ್ಷದಾಗ ಇಂಥಾ ಸರ್ವೇ ಮಾಡಿಲ್ರಿ ನಾ. ಮನ್ಯಾಗ ಹೇಳಿದ್ರ ನಂಬವಲ್ರು." ಆಮೇಲೆ ವಿಷಯಕ್ಕೆ ಬಂದರು.

"ಒಂದ ತ್ರಾಸ ಐತ್ರಿ. ಹೆಸರಿನ ಪಟ್ಟಿ ಸ್ಕೆಚ್ಚಿಗೆ ಹಚ್ಚಬೇಕು. ಕೂಸು ಅಂತ ಬರದ್ರ ಮ್ಯಾಲಿನವ್ರು ಒಪ್ಪೂದಿಲ್ಲ. ಹೆಸರ ಇಲ್ಲದ ಜಾಗಾ ಬಿಟ್ಟ ಗಡಿ ಹಾಕ್ರಿ ಅಂತಾರ. ಆವಾಗ ಆ ಜಾಲಿ ಗಿಡದ ಕಡೀದು ಹೋಗಿ ಬಿಡತೈತಿ. ಸ್ಟೇಷನ್‌ದವ್ರಿಗೆ ರಸ್ತಿ ಕಡೀದ ಬೇಕಾಗೈತಿ."

"ಹೆಸರಿಡೂಕಿಂತ ಮದಲ ಹೋಗ್ಯಾವಲ್ರಿ ಅವು."

"ನನಗೂ ಗೊತ್ತೈತ್ರಿ ಬಾಯಾರ. ಸೋಮವಾರ ಮುಂಜಾನಿ ತನಕ ಟೈಮ್ ಐತಿ."

ಮಾರ್ಚ್ 15, ಶನಿವಾರ

ಓಕುಳಿಯ ಬಣ್ಣ ಇನ್ನೂ ಎಲ್ಲರ ಕಿವಿಯ ಹಿಂದೆ ಇದೆ. ಮನೆಮನೆ ತಿರುಗಿದೆ. ಆ ಅಂಚಿಗೆ ಕುಳಿತ ಹೆಂಗಸರ ಮನೆ.

ಹೇಗೆ ಕೇಳುವುದು ಅಂತ ಬಾಗಿಲಲ್ಲೇ ತಡವರಿಸುತ್ತಿದ್ದೆ. ಏನಾದರೂ ಒಂದು ಹೆಸರು ಹೇಳಿ, ಬರೆದುಕೊಳ್ಳುತ್ತೇನೆ ಅಂದೆ ಮೊದಲ ಮನೆಯಲ್ಲಿ. "ಏನರೆ ಒಂದ ಯಾಕ?" ಅಂದಳು ಅವಳು. "ಹನಮಂತ. ಹೊಟ್ಯಾಗ ಇದ್ದಾಗ ಇಟ್ಟಿದ್ದೆ."

ಎಲ್ಲರ ಬಳಿಯೂ ಹೆಸರಿತ್ತು. ಒಬ್ಬರೂ ಯೋಚಿಸಲಿಲ್ಲ. ಒಬ್ಬಳು ಗಂಡನನ್ನು ಹೊರಗೆ ಕಳಿಸಿ ಹೇಳಿದಳು. ಒಬ್ಬಳು ಕಿವಿಯಲ್ಲಿ. ಸೊಸೆ, ಮೊಮ್ಮಕ್ಕಳನ್ನು ಕಂಡ ಮುದುಕಿಯೊಬ್ಬಳು ನಗುತ್ತಾ ಹೇಳಿ, ಆಮೇಲೆ ಬಹಳ ಹೊತ್ತು ನನ್ನ ಕೈ ಬಿಡಲಿಲ್ಲ. ಆ ಹೊಸ ಮದುವೆಯವಳದು ಅವಳಿ. ಎರಡೂ ಹೆಸರು ಹೇಳಿದಳು, ಪ್ರಾಸ ಕೂಡಿಸಿ ಇಟ್ಟಿದ್ದಾಳೆ.

ಇಷ್ಟು ದಿನ ಈ ಹೆಸರುಗಳನ್ನೆಲ್ಲಾ ಎದೆಯಲ್ಲಿ ಇಟ್ಟುಕೊಂಡು ಇವರು ನೀರು ತಂದಿದ್ದಾರೆ, ರೊಟ್ಟಿ ಬಡಿದಿದ್ದಾರೆ, ಮಗ್ಗಕ್ಕೆ ನೂಲಿನ ಕಂಡಿಕೆ ಸುತ್ತಿದ್ದಾರೆ. ನನಗೆ ಕೈಮುಗಿಯಬೇಕು ಅನ್ನಿಸಿತು. ಬರೆದುಕೊಂಡು ಬಂದೆ.

ಒಂದು ಮನೆ ಉಳಿದಿದೆ. ನಮ್ಮದೇ.

ಮಾರ್ಚ್ 16, ಭಾನುವಾರ

ಚಿಗವ್ವ ಅಂಗಳದಲ್ಲಿ ಜೋಳದ ಹಿಟ್ಟು ಸಾಣಿಸುತ್ತಿದ್ದಳು. ಹೋಗಿ ಪಕ್ಕದಲ್ಲಿ ಕುಳಿತೆ.

"ಹೆಣ್ಣೋ ಗಂಡೋ?" ಅಂದೆ. ಬೇರೆ ಮಾತು ಸಿಗಲಿಲ್ಲ.

ಸಾಣಿಗೆ ನಿಲ್ಲಲಿಲ್ಲ. "ಹೆಣ್ಣು. ಕಣ್ಣ ತಗದಿತ್ತು. ಮೂರ ದಿನಾ ಇತ್ತು."

"ಯಾವಾಗ?"

"ನೀ ಹುಟ್ಟೂ ವಾರದಾಗ. ಅದನ್ನ ಇಟ್ಟ ಬಂದೇನಿ, ಎದಿ ಹಾಲ ನಿಂದರವಲ್ಲದು. ಸೀರಿ ಎಲ್ಲಾ ತೊಯ್ಯೂದು. ಗ್ವಾಡಿ ಕಡೆ ಮಾರಿ ಮಾಡಿ ಮಲಗಿದ್ದೆ. ಅಷ್ಟರಾಗ ಅಕ್ಕ ಹೋದ್ಲು. ಸತ್ಯವ್ವ ಆಯಿ ನಿನ್ನ ತಂದು ನನ್ನ ಉಡ್ಯಾಗ ಹಾಕಿದ್ಲು. ನಾ ನೋಡಲೂ ಇಲ್ಲ. ನೀನ ಬಾಯಿ ಹಚ್ಚಿದಿ."

ಆಡಿನ ಹಾಲು ಕುಡಿದು ಬೆಳೆದೆ ಅಂತಲೇ ನಂಬಿದ್ದೆ ಇಷ್ಟು ದಿನ. ಎಲ್ಲರೂ ಹಾಗೆಯೇ ಹೇಳುತ್ತಿದ್ದರು. ಅದು ಚಿಗವ್ವನೇ ಹೇಳಿಸಿದ ಮಾತಂತೆ. ಇನ್ನೊಬ್ಬಳ ಪಾಲಿನ ಹಾಲು ಅಂತ ನನ್ನ ಮನಸ್ಸಿಗೆ ಬರಬಾರದು ಅಂತ.

"ಆಕೀಗೆ ಹೆಸರ ಇಟ್ಟಿದ್ದೇನ ಚಿಗವ್ವಾ?"

ಈಗ ಸಾಣಿಗೆ ನಿಂತಿತು. ಹಿಟ್ಟಿನ ಕೈಯಿಂದಲೇ ನನ್ನ ಹಣೆಯ ಕೂದಲು ಹಿಂದೆ ಸರಿಸಿದಳು.

"ಇಟ್ಟಿದ್ನಲ್ಲ. ಆಕಿ ಹೋದ್ಲು, ಹೆಸರ ಉಳೀತು. ಮತ್ತೊಂದ ಹುಡಕೂ ಶಕ್ತಿ ಇರಲಿಲ್ಲ ನನಗ. ನಿನಗ ಅದನ್ನ ಇಟ್ಟೆ."

ಹಿಟ್ಟಿನ ಬುಟ್ಟಿ ಎತ್ತಿಕೊಂಡು ಒಳಗೆ ಹೋದಳು.

ಹಾಲೂ ಆ ಕೂಸಿನದು, ಹೆಸರೂ ಆ ಕೂಸಿನದು. ನನಗೆ ಅಳು ಬರುತ್ತಿದೆ, ಹೆದರಿಕೆಯೂ ಆಗುತ್ತಿದೆ, ಕುಣಿಯಬೇಕು ಅಂತಲೂ. ಒಳಗೆ ಒಲೆ ಹಚ್ಚಿದ ಹೊಗೆ. ಅವ್ವಾ ಅಂತ ಕರೆದರೆ ಚಿಗವ್ವ ಓ ಅನ್ನುತ್ತಾಳೋ, ಗಾಬರಿಯಾಗುತ್ತಾಳೋ.

ಪಟ್ಟಿ ಮೊಬೈಲಿನಲ್ಲೇ ಟೈಪ್ ಮಾಡಿದ್ದೇನೆ. ನಾಳೆ ಮೊದಲ ಬಸ್ಸಿಗೆ ಹೋಗಿ ಪ್ರಿಂಟ್ ತೆಗೆದು ಕೊಡಬೇಕು. ಎಲ್ಲಾ ತುಂಬಿ ಆಯಿತು. ಕೊನೆಯ ಸಾಲು ಒಂದು. 'ಕೂಸು' ಅಂತ ಇದ್ದದ್ದನ್ನು ಅಳಿಸಿದೆ. ತಾಯಿ, ಲಗಮವ್ವ. ಮಗಳ ಹೆಸರು —